ಡಬ್ಬಿ ಖಾಲಿ ಕಳಸದ ಮೌಶಿ

ಮೊದ್ಲೇ ಹೇಳಿಬಿಡ್ತೀನಿ. ಎದುರಿಗಿ ನಿಂತಾಗ ನಾ ಆಕಿಗಿ "ಹೌದ್ರಿ ಮೌಶಿ, ಇಲ್ರಿ ಮೌಶಿ" ಅಂತ ಮಾತಿಗೊಂದ್ 'ರೀ' ಹಚ್ಚಿ, ಮ್ಯಾಲ ಒಂದೀಟು ಬೆಣ್ಣಿನೂ ಹಚ್ಚಿ ಮಾತಾಡ್ತಿದ್ದೆ. ಇಲ್ಲಿ ಮಾತ್ರ 'ಆಕಿ' ಅಂತ ಬರೀಲಕತ್ತೀನಿ. ಸಿಟ್ಟು ಬಂದ್ರ ಬಂದು ಕೇಳ್ಲಿ. ಬರ್ಲಿ ಅಂತನೇ ಹಂಗ ಬರದೀನಿ.

ಆಕಿ ಕಲಬುರ್ಗಿಯ ಖೂಬಾ ಪ್ಲಾಟ್ ಓಣ್ಯಾಗ ನಮ್ಮ ಮನಿ ಮಾಲಕಿ. ಕೆಳಗ ಆಕಿ, ಮಾಳಿಗಿ ಮ್ಯಾಲಿನ ಒಂದ್ ಖೋಲ್ಯಾಗ ನಾ. ಖೋಲಿ ಎಷ್ಟ್ ದೊಡ್ಡದು ಅಂದ್ರ, ಮಂಚದ ಮ್ಯಾಲ ಮಲಗಿ ಮೈ ಮುರದ್ರ ಕಾಲಿಂದ ಬಾಗಲ ತಗೀತಿತ್ತು, ಕೈಯಿಂದ ಕಿಡಕಿ ತಗೀತಿತ್ತು. ಬ್ಯಾಸಗ್ಯಾಗ ಗ್ವಾಡಿಗಿ ರೊಟ್ಟಿ ಬಡದು ಹಚ್ಚಿದ್ರ ಒಲಿ ಬ್ಯಾಡ, ಹಂಗೇ ಬೇಯ್ತಿತ್ತು. ಸುಳ್ಳ ಅನಸ್ತದೇನು? ಬರ್ರಿ ಏಪ್ರಿಲ್‌ದಾಗ, ತೋರಸ್ತೀನಿ.

ನಾ ಅಲ್ಲಿಗಿ ಬಂದದ್ದು ಹ್ಯಾಂಗ ಅಂದ್ರ, ಮೊದಲ್ನೇ ವರ್ಷ ಕಮಲಾಪುರದ ಕಾಲೇಜಿನ್ಯಾಗ ಓದಿದೆ. ಅಲ್ಲಿ ಸೈಕಾಲಜಿ ಇಲ್ಲ. ನನಗ ಸೈಕಾಲಜೀನೇ ಬೇಕಾಗಿತ್ತು, ಯಾಕಂದ್ರ ಮಂದಿ ಮನಸ್ಸಿನ್ಯಾಗ ಏನದ ಅಂತ ಮಾರಿ ನೋಡಿ ಹೇಳೋ ಕಲಾ ನನಗ ಹುಟ್ಟಾನೇ ಬಂದದ ಅಂತ ನನಗ ನಾನೇ ಸರ್ಟಿಫಿಕೇಟ್ ಕೊಟ್ಕೊಂಡಿದ್ದೆ. ಹಿಂಗಾಗಿ ಎರಡ್ನೇ ವರ್ಷಕ್ಕ ಟ್ರಾನ್ಸ್‌ಫರ್ ತಗೊಂಡು ಕಲಬುರ್ಗಿಗಿ ಬಂದೆ. ಬಂದ್ರ ಹಾಸ್ಟೆಲ್‌ನ್ಯಾಗ ಸೀಟಿಲ್ಲ. "ನಡಬರ್ಕ ಬಂದೋರಿಗಿ ಇಲ್ಲವ್ವ, ಹೊರಗ ಖೋಲಿ ನೋಡ್ಕೋ" ಅಂದ್ರು. ಕ್ಲಾಸಿನ್ಯಾಗೂ ಹಂಗೇ. ಒಂದೊಂದ್ ಬೆಂಚಿಗಿ ಒಂದೊಂದ್ ಟೋಳಿ ಮೊದಲೇ ರಿಜರ್ವ್ ಆಗಿತ್ತು. ಹಾಜರಿ ಕರಿಯಾಗ ನನ್ನ ಹೆಸರು ಎಲ್ಲಾರ ಕಡೀಗಿ, ಸರ್ ಅಲ್ಲಿತನ ಮುಟ್ಟೋದ್ರಾಗ ಗಂಟಿ ಹೊಡೀತಿತ್ತು. ತಿಂಗಳಗಟ್ಲೆ ನನಗ ಹೆಸರೇ ಇರ್ಲಿಲ್ಲ, 'ಹೊಸಾಕಿ' ಅಂತನೇ ಕರೀತಿದ್ರು. ಗೆಳತ್ಯಾರಿಲ್ಲ, ನೋಟ್ಸ್ ಕೊಡೋರಿಲ್ಲ. ಹಿಂಗ್ ಖಾಲಿ ಕುಂತ ಮನಷ್ಯಾ ಏನ್ ಮಾಡ್ತಾನ? ಸಂಶೇ ಮಾಡ್ತಾನ.

ಅಪ್ಪ ನನ್ನ ಬಿಟ್ಟು ಹೋಗೋ ಮೊದಲ ಒಂದ್ ಶರ್ತು ಹಾಕಿದ್ದ. ನಮ್ಮ ಅಪ್ಪ ಬಾಳಿ ತ್ವಾಟದವ. ಕೆಂಪ ಬಾಳಿ. ಮಾತು ಕಡಿಮಿ, ಶರ್ತು ಜಾಸ್ತಿ.

"ಒಂದ್ ದೂರು. ಒಂದೇ ಒಂದ್ ದೂರು ನನ್ನ ಕಿವಿಗಿ ಬಿತ್ತಂದ್ರ ಗಂಟು ಕಟ್ಟಿಸ್ಕೊಂಡು ಕಮಲಾಪುರಕ್ಕ. ನಿನ್ನ ಸೈಕಾಲಜಿ ಬಾಳಿ ಗಿಡದ ಮುಂದ ಹೇಳ್ಕೋತ ಕೂಡು."

ಬಾಳಿ ಗಿಡದ ಮನಸ್ಸಿನ್ಯಾಗ ಏನೂ ಇರಂಗಿಲ್ಲ, ಹುಟ್ಟಿದಾಗಿಂದ ನೋಡೀನಿ. ಅದಕ್ಕೇ ನನಗ ಅವತ್ತಿಂದ ಜಗತ್ತಿನ್ಯಾಗ ಒಂದೇ ಅಂಜಿಕಿ: ದೂರು. ದೂರು ಹೇಳೋರು ಯಾರು ಅಂತ ಕಣ್ಣು ಹಾಯಿಸಿದ್ರ ಕಾಣೋದು ಒಬ್ಬಾಕೇ. ಕೆಳಗಿನಾಕಿ.

ಆಕಿ ಮ್ಯಾಲ ಶಕ್ ಬರ್ಲಿಕ್ಕಿ ಕಾರಣ ಬೇಕಾಗಿರ್ಲಿಲ್ಲ, ಆಕಿ ಮೊದಲಿನ ಉದ್ಯೋಗಾನೇ ಸಾಕಿತ್ತು. ಆಕಿ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಆಪರೇಟರ್ ಆಗಿ ರಿಟಾಯರ್ ಆದಾಕಿ. ಅಂದ್ರ ಇಡೀ ಗುಲ್ಬರ್ಗಾದ ಮಾತು ಕಿವ್ಯಾಗ ಹಾಕ್ಕೊಂಡು ಪಗಾರ ತಗೊಂಡಾಕಿ. ಇಂಥಾಕಿ ಮನಿ ಮಾಳಗಿ ಮ್ಯಾಲ ಬಾಡಗಿಗಿ ಇರೋದಂದ್ರ ಪೊಲೀಸ್ ಠಾಣಾದ ಗಚ್ಚಿನ ಮ್ಯಾಲ ಗುಡಸಲ ಹಾಕಿದಂಗ.

ಖೋಲಿ ನೋಡ್ಲಿಕ್ಕಿ ಹೋದ ದಿನ ಅಪ್ಪ ತ್ವಾಟದ ಬಾಳಿಹಣ್ಣು ಒಯ್ದಿದ್ದ. ಆಕಿ ಹಣಿ ತುಂಬ ಇಬತ್ತಿ ಬಡಕೊಂಡು, ಬಾಗಲದಾಗ ನಿಂತು ಒಂದ್ ಹಣ್ಣು ಕಿತ್ತಿದ್ಳು. ತಿಂತಾಳ ಅಂದ್ಕೊಂಡ್ವಿ. ಹೆಬ್ಬಟ್ಟು ನೀರಾಗ ಎದ್ದಿ ಹಣ್ಣಿನ ಸಿಪ್ಪಿ ತಿಕ್ಕಿದ್ಳು, ಆಮ್ಯಾಲ ಹೆಬ್ಬಟ್ಟು ಬಿಸಲಿಗಿ ಹಿಡದು ನೋಡಿದ್ಳು, ಬಣ್ಣ ಹತ್ತ್ಯಾದೇನು ಅಂತ.

"ಬಣ್ಣ ಹಚ್ಚಿದ್ದಲ್ರಿ ಅದು, ಹುಟ್ಟಾನೇ ಕೆಂಪ" ಅಂದ ಅಪ್ಪ. ಅಂವನ ಮಾರಿ ಹಣ್ಣಿಗಿಂತ ಕೆಂಪಾಗಿತ್ತು.

"ಇರ್ಲಿ. ಮಾರೋರೆಲ್ಲಾ ಹಂಗೇ ಅಂತಾರ."

"ಮಾರಾಕ ತಂದಿಲ್ರಿ, ನಿಮಗ ತಂದದ್ದು."

"ಅಂದ್ರ ಇನ್ನೂ ಜರಾ ಸಂಶೇ ಬಂತು."

ಆಮ್ಯಾಲ ನನ್ನ ಪಾಳಿ. ನನ್ನ ಮಾರಿ ಸೈತ ನೋಡ್ಲಿಲ್ಲ. "ಏ ಪೋರಿ, ಗೇಟಿನ ಹೊರಗ ಹೋಗಿ ನಿಂದ್ರು. ನಿಂತು ಹಲೋ ಅನ್ನು" ಅಂದು, ನನ್ನ ಕಡಿ ಬೆನ್ನ ಮಾಡಿ, ತಲಿ ಒಂದೀಟು ಓರಿ ಮಾಡಿ ನಿಂತ್ಳು.

"ಹಲೋ."

"ಊರು?"

"ಕಮಲಾಪುರ್ರಿ."

"ಓದೋದು?"

"ಸೈಕಾಲಜಿ ಓದ್ತೀನ್ರಿ."

"ಸುಳ್ಳ ಹೇಳ್ತೀಯೇನು?"

"ಇಲ್ರಿ."

"ಒಂದ್ ಸುಳ್ಳ ಆತು. ಬಾ ಒಳಗ, ಖೋಲಿ ನೋಡು."

ಮಾರಿ ನೋಡಿದ್ರ ಮೋಸ ಹೋಗ್ತೀವಿ, ದನಿ ಮಾತ್ರ ಖರೆ ಹೇಳ್ತದ ಅನ್ನೋದು ಆಕಿ ಶಾಸ್ತ್ರ. ಹಾಲಿನಂವ ಬಂದ್ರೂ ಬೆನ್ನ ಮಾಡಿ ನಿಲ್ತಿದ್ಳು. "ಇವತ್ತ ನೀರ ಹಾಕೀಯೇನು?" ಅಂವ "ದೇವ್ರಾಣಿ ಇಲ್ರಿ" ಅಂತಿದ್ದ. "ಆಣಿ ಮಾಡಿದಿ, ಅಂದ್ರ ಹಾಕೀದಿ." ಪಾಪ, ಅಂವ ಕಡಿಕಡೀಗಿ ಬೆನ್ನ ನೋಡಿ ಬೆನ್ನಿಗೇ ನಮಸ್ಕಾರ ಮಾಡಿ ಹೋಗ್ಲಕತ್ತಿದ್ದ.

ಮಾತಿಗಿ ಮತ್ತೊಂದ್ ಕಾಯ್ದೆ ಇತ್ತು. ಟ್ರಂಕ್ ಕಾಲಿನ ಕಾಲದ್ದು, ಆಗ ಪರಊರಿಗಿ ಮೂರು ನಿಮಿಷಕ್ಕ ಲೈನ್ ಕಟ್ ಮಾಡ್ತಿದ್ರು. ಯಾರೇ ಮಾತಾಡ್ಲಿ, ಮೂರು ನಿಮಿಷಕ್ಕ ಕೈ ಎತ್ತಿ "ಮೂರು ನಿಮಿಷ ಆತು" ಅಂದು ಎದ್ದು ಹೋಗ್ತಿದ್ಳು. ಬೀಗರು ಬಂದು ಮದಿವಿ ಮಾತು ತಗದಿದ್ರೂ ಅಷ್ಟೇ. ಒಬ್ಬಾಕಿ ಓಣಿ ಹೆಣ್ಣಮಗಳು ಸೊಸಿ ಕಥಿ ಹೇಳ್ಕೋತ ಅಳ್ಳಿಕ್ಕಿ ಸುರು ಮಾಡಿದ್ಳು, ಮೂರು ನಿಮಿಷಕ್ಕ ಈಕಿ ಕೈ ಎತ್ತಿದ್ಳು. ಆಕಿ ಅರ್ಧಾ ಅತ್ತು, ಉಳದ ಅರ್ಧಾ ಮರುದಿನ ಬಂದು ಅತ್ತು ಹೋದ್ಳು. ನನಗ ಗೊತ್ತಿದ್ದ ಮಟ್ಟಿಗಿ ಆಕಿ ಮನಿಗಿ ಬಂದೋರೆಲ್ಲಾ ಓಡ್ಕೋತ ಮಾತಾಡ್ತಿದ್ರು.

ಇಷ್ಟೆಲ್ಲಾ ಇದ್ದು ಆಕಿ ಮನ್ಯಾಗ ಫೋನ್ ಇರ್ಲಿಲ್ಲ! ಮೊಬೈಲ್ ಮುಟ್ಟತಿರ್ಲಿಲ್ಲ. ಹಳಿ ಕರಿ ಫೋನ್ ಒಂದಿತ್ತು, ಲೈನ್ ಎಂದೋ ಸತ್ತಿತ್ತು, ಆದ್ರ ಅದಕ್ಕ ಕಸೂತಿ ಹಾಕಿದ ಅರಬಿ ಹೊಚ್ಚಿ ದಿನಾ ಧೂಳ ವರಸ್ತಿದ್ಳು. "ಊರ ಮಂದಿ ಮಾತು ಭಾಳ ಕೇಳೀನವ್ವ. ಕಿವಿ ತುಂಬ್ಯಾವ, ಇನ್ನ ಜಾಗಾ ಇಲ್ಲ" ಅಂತಿದ್ಳು. ಫೋನಿಲ್ದ ಬೇಹುಗಾರ್ತಿ! ಹಂಗಾದ್ರ ಸುದ್ದಿ ಹ್ಯಾಂಗ ಕಳಸ್ತಾಳ? ಇದು ನನ್ನ ಮುಂದಿದ್ದ ದೊಡ್ಡ ಪ್ರಶ್ನಿ.

ಯಾಕಂದ್ರ ಸುದ್ದಿ ಹೋಗ್ಲಕತ್ತಿತ್ತು. ಅದು ಖರೆ.

ಅಪ್ಪ ಸಂಜೀಗಿ ಫೋನ್ ಹಚ್ಚಿ, "ಏನವ್ವ, ತಲಿಗಿ ಎಣ್ಣಿ ಹಚ್ಚದು ಬಿಟ್ಟೀದಂತ?" ಅಂತಿದ್ದ. ಮತ್ತೊಂದಿನ, "ನೆಗಡಿ ಬಂದದಂತ, ಐಸ್‌ಕ್ರೀಮ್ ತಿಂದ್ರ ಬರ್ಲಾರ್ದ ಇರ್ತದೇನು?" ನಾ ಐಸ್‌ಕ್ರೀಮ್ ತಿಂದದ್ದು ನನ್ನ ಮೂಗಿಗಿ ಬಿಟ್ರ ಯಾರಿಗೂ ಗೊತ್ತಿರ್ಲಿಲ್ಲ. ಯಾವುದೂ ಇನ್ನಾ ದೂರು ಅನ್ನೋ ಮಟ್ಟಕ್ಕ ಬಂದಿರ್ಲಿಲ್ಲ, ಆದ್ರ ಬಾಗಲತನ ಬಂದು ನಿಂತಿತ್ತು.

ಇಲ್ಲಿ ಡಬ್ಬಿ ಕಥಿ ಬರ್ತದ. ನಮ್ಮ ಕಡಿ ಓದ್ಲಿಕ್ಕಿ ಬಂದ ಹುಡುಗೂರಿಗಿ ಮನಿ ರೊಟ್ಟಿ ಬಸ್ಸಿನ್ಯಾಗ ಬರ್ತದ. ಅವ್ವ ಮುಂಜಾನೆ ಎದ್ದು ಡಬ್ಬಿ ಕಟ್ಟಿ ಕಮಲಾಪುರ ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಕಾಕಾನ ಕೈಯಾಗ ಕೊಡ್ತಾಳ. ನಾ ಇಲ್ಲಿ ಬಸ್ ಸ್ಟ್ಯಾಂಡಿಗಿ ಹೋಗಿ ತುಂಬಿದ ಡಬ್ಬಿ ಇಸ್ಕೊಂಡು, ನಿನ್ನಿ ಖಾಲಿ ಡಬ್ಬಿ ಅಂವನ ಕೈಯಾಗ ಇಟ್ಟು ಕಾಲೇಜಿಗಿ ಹೋಗ್ತೀನಿ. ಎರಡ್ ಡಬ್ಬಿ, ಒಂದ್ ಹೋಗ್ತದ, ಒಂದ್ ಬರ್ತದ. ಕಂಡಕ್ಟರ್ ಕಾಕಾ ನಮ್ಮ ಓಣಿಯಂವಾನೇ. ಪಾಪ, ಬಾಯಿಲ್ಲದ ಮನಷ್ಯಾ. ಚಾ ಕುಡ್ಕೋತ ನಿಂತು "ಮತ್ತೇನವ್ವ, ಆರಾಮೇನು?" ಅಂತಿದ್ದ, ನಾ ಅಂವನ ಮುಂದ ಮನಸ್ಸು ಹಗರ ಮಾಡ್ಕೋತಿದ್ದೆ.

ಖಾಲಿ ಡಬ್ಬಿ ತೊಳಿಯೋ ಕೆಲಸ ಮೌಶಿ ತಾನೇ ಕಸ್ಕೊಂಡಿದ್ಳು. "ನೀ ತೊಳದ್ರ ಡಬ್ಬಿಗಿ ನೀರ ತೋರಿಸಿದಂಗ ಆಗ್ತದ. ನಿಮ್ಮವ್ವ ನನಗ ಅಂತಾಳ." ಹುಣಸಿಹಣ್ಣು ಹಚ್ಚಿ ತಿಕ್ಕಿ, ಬೋರಲ ಹಾಕಿ, ಮುಂಜಾನೆ ಅಡಗಿ ಮನಿ ಕಿಡಕಿ ಕಟ್ಟಿ ಮ್ಯಾಲ ತಯಾರ ಇಡ್ತಿದ್ಳು. ಮತ್ತ, ಇದೇ ಮುಖ್ಯ, ಡಬ್ಬ್ಯಾಗ ಏನರ ಒಂದ್ ಹಾಕ್ತಿದ್ಳು. ಮಂದಿ ಮನಿ ಭಾಂಡಿ ಬರೇ ಖಾಲಿ ವಾಪಸ್ ಕಳಸಬಾರ್ದು ಅನ್ನೋದು ಎಲ್ಲಾರ ಮನ್ಯಾಗೂ ಅದ, ನನಗೂ ಗೊತ್ತು. ಒಂದ್ ಚಿಟಿಕಿ ಸಕ್ರಿ ಹಾಕಿ ಕೊಟ್ರ ಮುಗೀತು. ಆದ್ರ ಈಕಿ ದಿನಕ್ಕೊಂದ್ ಹಾಕ್ತಿದ್ಳು! ಒಂದಿನ ಬೆಲ್ಲದ ತುಣುಕು, ಒಂದಿನ ಎರಡ್ ಯಾಲಕ್ಕಿ, ಒಂದಿನ ಅಡಕಿ ಹೋಳು, ಒಂದಿನ ಒಣಾ ಮೆಣಸಿನಕಾಯಿ. ಪೇಪರ್ ತುಂಡಿನ್ಯಾಗ ಸುತ್ತಿ, ಮೂರು ಮೂಲಿ ಬರೋಬ್ಬರಿ ಕೂಡಸಿ, ಬಿಚ್ಚಲಿಕ್ಕಿ ಬಾರದಂಗ ಮಡಚಿ.

ಯಾರರ ಸೈಕಾಲಜಿ ಓದದವರಾಗಿದ್ರ "ಹೋಗ್ಲಿ ಬಿಡು, ಮುದುಕಿ" ಅಂತ ಸುಮ್ಮನಿರ್ತಿದ್ರು. ನಾ ಬಿಡ್ಲಿಲ್ಲ. ಇದು ಕೋಡ್ ಅಂತ ನನಗ ಹೊಳದುಬಿಡ್ತು. ಫೋನಿಲ್ದ ಆಪರೇಟರ್, ದಿನಾ ಕಮಲಾಪುರಕ್ಕ ಹೋಗೋ ಡಬ್ಬಿ, ಒಳಗ ಗುಪ್ತ ವಸ್ತು. ಬೆಲ್ಲ ಅಂದ್ರ 'ಹುಡುಗಿ ಛಲೋ ಅದಾಳ'. ಅಡಕಿ ಅಂದ್ರ 'ಬಾಯಿ ಭಾಳ ನಡದದ'. ಯಾಲಕ್ಕಿ ಅಂದ್ರ 'ಎರಡ್ ದಿನದಿಂದ ಜಳಕ ಮಾಡಿಲ್ಲ, ವಾಸನಿ'. ಯಾಲಕ್ಕಿ ಅರ್ಥಾ ತಗೀಲಿಕ್ಕಿ ನನಗ ವಾರಗಟ್ಲೆ ಹಿಡೀತು, ಅಷ್ಟರಾಗ ಜಳಕ ಮಾಡಿಬಿಟ್ಟಿದ್ದೆ.

ಪುರಾವಾ ಸಿಕ್ಕಿದ್ದು ಊರಿನ ಹಳಿ ಕೋಟಿ ನೋಡ್ಲಿಕ್ಕಿ ಹೋದ ದಿನ. ಕ್ಲಾಸಿನ ಒಂದ್ ಟೋಳಿ ಮೊದಲ್ನೇ ಸಲ ನನ್ನ ಕರೀತು. "ಏ ಹೊಸಾಕಿ, ಕೋಟಿಗಿ ಬರ್ತಿಯೇನು?" ನಾ ಹ್ಞೂಂ ಅನ್ನೋದ್ರಾಗ ಅರ್ಧಾ ದಾರಿ ಹೋಗಿದ್ದೆ. ಮಧ್ಯಾನ್ಹದ ಎರಡೂ ಕ್ಲಾಸಿಗಿ ಚಕ್ಕರ್ ಹೊಡದು, ದೊಡ್ಡ ತೋಫಿನ ಹಂತ್ಯಾಕ ಕುಂತು, ಮಿರ್ಚಿ ತಿಂದು, ನಕ್ಕು ನಕ್ಕು ಹೊಟ್ಟಿ ಹಿಡಕೊಂಡು ಬಂದೆ. ಅವತ್ತ ನನ್ನ ಹೆಸರು ಅವರಿಗಿ ಗೊತ್ತಾತು. ಮರುದಿನ ಮುಂಜಾನೆ ಡಬ್ಬ್ಯಾಗ ಒಣಾ ಮೆಣಸಿನಕಾಯಿ. ಸಂಜೀಗಿ ಅಪ್ಪನ ಫೋನ್.

"ಕೋಟಿ ಹ್ಯಾಂಗದವ್ವ? ತೋಫು ಹಾರಸ್ತಾರೇನು ಇನ್ನಾ?"

ನನ್ನ ಕೈಯಾಗಿನ ಫೋನ್ ಕೋಟಿ ಗ್ವಾಡಿಯಷ್ಟು ವಜ್ಜಾ ಆತು. "ಹಿಸ್ಟರಿ ಪ್ರಾಜೆಕ್ಟ್ ಇತ್ತಪ್ಪ."

"ಸೈಕಾಲಜ್ಯಾಗ ಹಿಸ್ಟರಿ ಎಲ್ಲಿಂದ ಬಂತು? ಇದು ಅರ್ಧಾ ದೂರು ಅಂತ ತಿಳ್ಕೋ. ಇನ್ನ ಅರ್ಧಾ ಉಳದದ."

ಅರ್ಧಾ ದೂರಿನ ಮ್ಯಾಲ ನನ್ನ ಡಿಗ್ರಿ ನಿಂತಿತ್ತು. ಅವತ್ತಿಂದ ನಾ ಡಬ್ಬಿ ತಪಾಸಣಿ ಸುರು ಮಾಡಿದೆ. ಬಸ್ ಸ್ಟ್ಯಾಂಡಿಗಿ ಹೋಗೋ ಮೊದಲ ಗಲ್ಲಿ ಮೂಲ್ಯಾಗ ನಿಂತು ಮುಚ್ಚಳ ತಗದು ನೋಡೋದು. ಬೆಲ್ಲ ಇದ್ರ ಪಾಸ್. ಒಂದಿನ ಮತ್ತ ಮೆಣಸಿನಕಾಯಿ ಕಂಡ್ತು. ಅದನ್ನ ತಗದು ಒಗದು, ಕಿರಾಣಿ ಅಂಗಡ್ಯಾಗ ಚಿಟಿಕಿ ಸಕ್ರಿ ಬೇಡಿ, ಅದೇ ಪೇಪರಿನ್ಯಾಗ ಸುತ್ತಿ ಕಳಿಸಿದೆ. ಅವತ್ತ ಸಂಜೀಗಿ ಅಪ್ಪನ ಫೋನ್ ಬರ್ಲಿಲ್ಲ. ನೋಡ್ರಿ! ಕೋಡ್ ಮುರದ ಮೊದಲ್ನೇ ಕಮಲಾಪುರದಾಕಿ ನಾನೇ. ಖುಷ್ಯಾಗ ಎರಡ್ ರೊಟ್ಟಿ ಜಾಸ್ತಿ ತಿಂದೆ.

ಮರುದಿನ ಮೌಶಿ ಬೆನ್ನ ಮಾಡಿ ನಿಂತು ಕೇಳಿದ್ಳು. "ನಿನ್ನಿ ಡಬ್ಬಿ ಬರೋಬ್ಬರಿ ಮುಟ್ಟಿತೇನು?"

"ಮುಟ್ಟೇದ್ರಿ."

"ಹ್ಞೂಂ" ಅಂದ್ಳು. ಮೂರು ನಿಮಿಷಾನೂ ಆಗಿರ್ಲಿಲ್ಲ, ಒಳಗ ಹೋದ್ಳು.

ಆ 'ಹ್ಞೂಂ' ನನಗ ಎರಡ್ ದಿನ ನಿದ್ದಿ ಕೊಡ್ಲಿಲ್ಲ.

ಈಗ ಅಸಲಿ ದಿನಕ್ಕ ಬರ್ತೀನಿ. ಅವತ್ತ ಇಂಟರ್ನಲ್ ಪರೀಕ್ಷಾ ಇತ್ತು. ವಿಷಯ 'ಅವಧಾನ', ಅಂದ್ರ ಮನಷ್ಯಾ ಸುತ್ತಮುತ್ತ ಇದ್ದದ್ದನ್ನ ಹ್ಯಾಂಗ ಲಕ್ಷ್ಯ ಕೊಟ್ಟು ನೋಡ್ತಾನ ಅಂತ. ಈ ಬರಹದಾಗ ನಾ ಉಪ್ಪು ಖಾರ ಹಚ್ಚಿದ ಜಾಗಾ ಭಾಳ ಅವ, ಆದ್ರ ಇದಕ್ಕ ಹಚ್ಚಿಲ್ಲ. ಬಾಯಾಗ ಉತ್ತರ ಒಟಗುಟ್ಟಕೋತ ಕೆಳಗ ಇಳದೆ. ಕಿಡಕಿ ಕಟ್ಟಿ ಮ್ಯಾಲ ಡಬ್ಬಿ ಇತ್ತು, ನಿನ್ನಿ ಸಂಜೀಗಿ ತಿಕ್ಕಿಟ್ಟದ್ದು. ಮೌಶಿ ಕಾಣ್ಲಿಲ್ಲ. ಬಚ್ಚಲದಾಗ ನಳದ ನೀರ ಬೀಳೋ ಸಪ್ಪಳ. ಡಬ್ಬಿ ಎತ್ತಿ ಅಳ್ಳಾಡಿಸಿದೆ, ಸಪ್ಪಳಿಲ್ಲ. ಮುಚ್ಚಳ ತಗದೆ, ಖಾಲಿ. ತಳದಾಗ ನನ್ನ ಮಾರಿ ಬಿಟ್ರ ಏನಿಲ್ಲ.

ನಾ ಏನ್ ತಿಳ್ಕೊಂಡೆ? ಬೇಹುಗಾರಿಕಿ ಇಲಾಖೆ ಇವತ್ತ ರಜಾ ಅಂತ. "ಮೌಶೀ, ಹೋಗಿ ಬರ್ತೀನ್ರೀ!" ಅಂತ ಒದರಿದೆ. ನೀರಿನ ಸಪ್ಪಳದಾಗ ಉತ್ತರ ಕೇಳ್ಲಿಲ್ಲ. ಖುಷ್ಯಾಗೇ ಹೋದೆ. ಕಂಡಕ್ಟರ್ ಕಾಕಾನ ಕೈಯಾಗ ಡಬ್ಬಿ ಇಟ್ಟೆ, ಕಾಲೇಜಿಗಿ ಹೋದೆ, ಫೋನ್ ಬಂದ್ ಮಾಡಿ ಬ್ಯಾಗಿನ್ಯಾಗ ಹಾಕಿ, ಅವಧಾನದ ಮ್ಯಾಲ ಪುಟಗಟ್ಲೆ ಬರದೆ.

ಮಧ್ಯಾನ್ಹ ವಾಪಸ್ ಬಂದ್ರ ಗೇಟಿನ ಮುಂದ ಓಣಿ ಎಲ್ಲಾ ನಿಂತದ. ನಡಬರ್ಕ ಒಂದ್ ಜೋಡಿ ಚಪ್ಲಿ, ಹೆಬ್ಬಟ್ಟಿನ ಪಟ್ಟಿ ಹರದು ತಂತಿ ಹಾಕಿದ್ದು. ಆ ಚಪ್ಲಿ ನಾ ಸಾವಿರ ಚಪ್ಲ್ಯಾಗ ಗುರ್ತ ಹಿಡೀತೀನಿ. ನಮ್ಮ ಅವ್ವಂದು. ನಮ್ಮ ಅವ್ವ ಆ ಮನಿಗಿ ಅಲ್ಲಿತನ ಬಂದಿರಲೇ ಇಲ್ಲ. ಉಳದ ಅರ್ಧಾ ದೂರು ಮುಟ್ಟ್ಯಾದ, ನನ್ನ ಒಯ್ಲಿಕ್ಕೇ ಬಂದಾಳ. ಖಾಲಿ ಡಬ್ಬಿ ಅಂದ್ರ ಕೋಡಿನ್ಯಾಗ ಎಲ್ಲಾಕ್ಕಿಂತ ದೊಡ್ಡ ಬೈಗುಳ ಇರಬೇಕು!

ನಾ ಹೋಗಿ "ಅವ್ವಾ, ಕೋಟಿಗಿ ನಾ ಒಂದೇ ಸಲ ಹೋಗೀನಿ" ಅಂತ ಸುರು ಮಾಡಿದೆ. ಅವ್ವ ನನ್ನ ಮಾರೀನೂ ನೋಡ್ಲಿಲ್ಲ. "ಸರಿ ಆಕಡಿ" ಅಂದ್ಳು.

ಅವ್ವನ ಹಿಂದ ನಾಕು ಮಂದಿ ಮೌಶಿನ್ನ ಹಗ್ಗದ ಹೊರಸಿನ ಮ್ಯಾಲ ಹೊತ್ಕೊಂಡು ಬಂದ್ರು. ಮುಂಜಾನೆ ಬಚ್ಚಲದಾಗ ಜಾರಿ ಬಿದ್ದಿದ್ಳು. ಟೊಂಕದ ಎಲವು ಮುರದಿತ್ತು. ಒಳಗಿನಿಂದ ಚಿಲಕ, ನಳದ ನೀರ ಮ್ಯಾಲೆ ಬೀಳ್ಲಕತ್ತಿತ್ತು. ಅವ್ವ ಬಂದು ಓಣಿ ಮಂದಿನ್ನ ಕರದು ಬಾಗಲ ಮುರಿಸಿದ್ಳಂತ. ನಾ "ಹೋಗಿ ಬರ್ತೀನ್ರೀ" ಅಂದಾಗ ಒಳಗಿಂದ ಕೂಗಿದ್ಳಂತ, ಕೂಗಿದ್ದು ಹೊರಗ ಬರ್ಲಿಲ್ಲ. ಜೀವಮಾನ ಎಲ್ಲಾ ಮಂದಿ ದನಿ ಕೇಳಿದಾಕಿ ದನಿ ನನಗ ಕೇಳ್ಲಿಲ್ಲ.

ಅವ್ವಗ ಹ್ಯಾಂಗ ಗೊತ್ತಾತು? ದವಾಖಾನಿ ಬೆಂಚಿನ ಮ್ಯಾಲ ಕುಂತು ಕೇಳಿದೆ.

"ಡಬ್ಬಿ ಬಂತು, ತಗದೆ, ಖಾಲಿ ಇತ್ತು" ಅಂದ್ಳು ಅವ್ವ, ಇದಕ್ಕಿಂತ ಹೆಚ್ಚಿಗಿ ಏನ್ ಹೇಳ್ಲಿ ಅನ್ನೋರಂಗ. "ನೀ ಹೋದಾಗಿಂದ ಒಂದಿನಾನೂ ಖಾಲಿ ಬಂದಿಲ್ಲ. ಏಕಾದಶಿ ದಿನಾನೂ ಬಂದಿಲ್ಲ. ಆಕಿ ಕಳಸಾಕಿ ಅಲ್ಲ. ಅಂದ್ರ ಆಕಿಗಿ ಏನೋ ಆಗ್ಯಾದ ಅಂತ. ನಿನಗ ಫೋನ್ ಹಚ್ಚಿದೆ, ಬಂದ್ ಇತ್ತು. ಬಸ್ಸಿಗಿ ಕುಂತೆ."

"ಮತ್ತ ಮೆಣಸಿನಕಾಯಿ? ಅಡಕಿ? ಅದೆಲ್ಲಾ ಏನು?"

"ಏನು ಅಂದ್ರ? ಕೈಗಿ ಸಿಕ್ಕದ್ದು ಹಾಕ್ತಿದ್ಳು. ಮೆಣಸಿನಕಾಯಿ ಭೇಷ್ ಇದ್ವು, ಶೇಂಗಾ ಹಿಂಡ್ಯಾಗ ಕುಟ್ಟಿ ಹಾಕಿದೆ. ನೀನೇ ತಿಂದಿ." ಆಮ್ಯಾಲ ನನ್ನ ಕಡಿ ಹೊಳ್ಳಿ ಕಣ್ಣು ಸಣ್ಣ ಮಾಡಿದ್ಳು. "ಒಂದಿನ ಸಕ್ರಿ ಬಂದಿತ್ತು. ಪೇಪರ್ ಮಡಚಿದ್ದು ಎಮ್ಮಿ ತುಳದಂಗಿತ್ತು. ಅದು ಆಕಿ ಕೈ ಅಲ್ಲ. ಯಾರ್ದು?"

ನಾ ದವಾಖಾನಿ ಫ್ಯಾನ್ ನೋಡ್ಕೋತ ಕುಂತೆ. ಫ್ಯಾನ್ ಭಾಳ ಛಲೋ ಇತ್ತು.

ಅಷ್ಟೊತ್ತಿಗಿ ಅಪ್ಪ ಬಂದ. ಬಂದಂವನೇ ಮೌಶಿ ಮಂಚದ ಹಂತ್ಯಾಕ ನಿಂತ. ಕೈಯಾಗ ಮತ್ತ ಬಾಳಿಹಣ್ಣು, ಮಾರಿ ಮತ್ತ ಕೆಂಪ. ಸಿಟ್ಟು ನನ್ನ ಮ್ಯಾಲ.

"ಮಾಫ್ ಮಾಡ್ರಿ ಬಾಯಾರ. ಒಂದೇ ಮನ್ಯಾಗ ಇದ್ದು ಈ ಪೋರಿಗಿ ತಿಳೀಲಿಲ್ಲ. ಅಲ್ಲಿ ಕುಂತ ನಮ್ಮ ಮನಿಯಾಕಿಗಿ ತಿಳೀತು. ಇಂಥಾಕಿನ್ನ ಇಲ್ಲಿಟ್ಟು ಏನ್ ಮಾಡ್ಲಿ? ನಾಳೆನೇ ಒಯ್ತೀನಿ. ದಿನಾ ಸುದ್ದಿ ಬರ್ಲಕತ್ತಾವ, ಎಣ್ಣಿ ಇಲ್ಲ, ಕ್ಲಾಸಿಲ್ಲ, ಕೋಟಿ ಅಂತ, ಐಸ್‌ಕ್ರೀಮ್ ಅಂತ."

"ಯಾರ್ ಹೇಳ್ತಾರ?" ಅಂತ ಕೇಳಿದ್ಳು ಮೌಶಿ. ನಾ ಕೇಳಬೇಕಾದ ಪ್ರಶ್ನಿ ಅದು.

"ಕಂಡಕ್ಟರ್. ಈಕೇ ದಿನಾ ಅಂವನ ಮುಂದ ಹೇಳ್ತಾಳಲ್ರಿ!"

ಬಾಯಿಲ್ಲದ ಮನಷ್ಯಾ! ನಾ ಊರಿಗೆಲ್ಲಾ ಕೋಡ್ ಹುಡಕ್ಕೋತ ಹೊಂಟಿದ್ದೆ, ನನ್ನ ದೂರು ನಾನೇ ಟಿಕೀಟಿಲ್ದ ಬಸ್ಸಿಗಿ ಹತ್ತಿಸಿ ಕಳಸ್ತಿದ್ದೆ.

ಈಗ ನನ್ನ ಡಿಗ್ರಿ ಮೌಶಿ ಬಾಯಾಗಿತ್ತು. ಆಕಿ "ಹೌದ್ರಿ, ಒಯ್ರಿ" ಅಂದ್ರ ಮುಗೀತು. ಅನ್ಲಿಕ್ಕಿ ಆಕಿಗಿ ಎಲ್ಲಾ ಹಕ್ಕೂ ಇತ್ತು. ಆಕಿ ಮಲಗಿದಲ್ಲೇ ಮಾರಿ ಗ್ವಾಡಿ ಕಡಿ ಹೊಳ್ಳಿಸಿದ್ಳು, ಬೆನ್ನ ಮಾಡ್ಲಿಕ್ಕಿ ಬರಂಗಿರ್ಲಿಲ್ಲ, ಪ್ಲಾಸ್ಟರ್ ಇತ್ತು.

"ಏ ಕಮಲಾಪುರ. ಡಬ್ಬಿ ಮುಚ್ಚಳ ತಗದಿ ಏನು ಮುಂಜಾನೆ?"

"ತಗದೀನ್ರಿ."

"ಖಾಲಿ ಇದ್ದದ್ದು ನೋಡೀದಿ?"

"ನೋಡೀನ್ರಿ."

ಆಮ್ಯಾಲ ಅಪ್ಪಗ ಅಂದ್ಳು. "ಕೇಳಿದ್ರಿಲ್ಲ? ಹುಡುಗಿ ಶ್ಯಾಣ್ಯಾ ಅದಾಳ. ಬ್ಯಾರೆ ಯಾರರ ಆಗಿದ್ರ ಕಿರಾಣಿ ಅಂಗಡ್ಯಾಗ ಚಿಟಿಕಿ ಸಕ್ರಿ ಬೇಡಿ, ಹಾಕಿ ಮುಚ್ಚಿಬಿಡ್ತಿದ್ರು. ನಿಮ್ಮ ಮನಿಯವರಿಗಿ ಏನೂ ತಿಳೀತಿರ್ಲಿಲ್ಲ, ನಾ ಇನ್ನಾ ಅಲ್ಲೇ ಬಿದ್ದಿರ್ತಿದ್ದೆ. ಈಕಿ ಹಾಕ್ಲಿಲ್ಲ. ನಾ ಕಾಣ್ಲಿಲ್ಲ ಅಂತ ತಿಳದು ಖಾಲಿದು ಖಾಲಿನೇ ಕಳಿಸಿದ್ಳು. ಪರೀಕ್ಷಾ ಇತ್ತು, ಮತ್ತೇನ್ ಮಾಡಬೇಕಿತ್ತು? ಈಕಿ ಇಲ್ಲೇ ಇರ್ಲಿ. ಮೂರು ನಿಮಿಷ ಆತು, ಹೋಗ್ರಿ."

ಕಿರಾಣಿ ಅಂಗಡಿ! ಆಕಿಗಿ ಅಂಗಡಿ ಸೈತ ಗೊತ್ತಿತ್ತು! ಅಪ್ಪ ಒಮ್ಮೆ ನನ್ನ ನೋಡಿದ, ಒಮ್ಮೆ ಆಕಿನ್ನ ನೋಡಿದ. ಬಾಳಿಹಣ್ಣು ಟೇಬಲ್ ಮ್ಯಾಲ ಇಟ್ಟು, "ಹಂಗಂದ್ರ ಇರ್ಲಿ ಬಿಡ್ರಿ" ಅಂದ. ನಾ ಕಲಬುರ್ಗ್ಯಾಗ ಉಳದೆ.

ಆದ್ರ ಸಂಶೇನೂ ಉಳೀತು. ನಾ ತಿಳದು ಖಾಲಿ ಕಳಿಸಿದೆ ಅಂತ ಆಕಿ ಖರೇನೇ ನಂಬಿದ್ಳೋ, ಎಲ್ಲಾ ಗೊತ್ತಿದ್ದೂ ನನ್ನ ಸಲುವಾಗಿ ಸುಳ್ಳ ಹೇಳಿದ್ಳೋ? ಬಣ್ಣ ಹಚ್ಚ್ಯಾರೇನು ಅಂತ ಬಾಳಿಹಣ್ಣು ತಿಕ್ಕಿ ನೋಡೋ ಹೆಂಗಸು ನನ್ನ ನಂಬೋದಂದ್ರ ನನಗ ನಂಬಿಕಿ ಬರಂಗಿಲ್ಲ.

ಆಕಿ ತಿಂಗಳಗಟ್ಲೆ ಆದ ಮ್ಯಾಲ ನಾಕು ಕಾಲಿನ ವಾಕರ್ ಹಿಡ್ಕೊಂಡು ಮನಿಗಿ ಬಂದ್ಳು. ವಾಕರ್ ತಗೋಳಾಗ ನಾಕೂ ಕಾಲು ಬಡದು ನೋಡಿದ್ಳಂತ, ಒಂದ್ ಕಾಲಿನ ಸಪ್ಪಳ ಸುಳ್ಳದ ಅಂತ ಬದ್ಲಿ ಮಾಡಿಸಿದ್ಳಂತ. ಆಮ್ಯಾಲ ನಿಂತು ಡಬ್ಬಿ ತೊಳೀಲಿಕ್ಕಿ ಆಗ್ತಿರ್ಲಿಲ್ಲ. ನಾ ತೊಳೀತಿದ್ದೆ, ಆಕಿ ಕುರ್ಚಿ ಮ್ಯಾಲ ಬೆನ್ನ ಮಾಡಿ ಕುಂತು ಸಪ್ಪಳದ ಮ್ಯಾಲ ಹೇಳ್ತಿದ್ಳು. "ತಳಾ ತಿಕ್ಕಿಲ್ಲ. ಮುಚ್ಚಳದ ಅಂಚು ಬಿಟ್ಟೀದಿ." ಆಮ್ಯಾಲ ಸೆರಗಿನ ಗಂಟಿನಿಂದ ಏನರ ಒಂದ್ ತಗದು ಕೊಡ್ತಿದ್ಳು. ಪೇಪರ್ ಮಡಚೋದು ಮಾತ್ರ ತಾನೇ. ಆ ಮೂರು ಮೂಲಿ ನನಗ ಇನ್ನಾ ಕೂಡಂಗಿಲ್ಲ.

ಒಂದಿನ ತಡಕೊಳ್ಳಲಾರದ ಕೇಳೇಬಿಟ್ಟೆ. "ಮೌಶಿ, ಅವತ್ತ ಅಪ್ಪನ ಮುಂದ ಗೊತ್ತಿದ್ದು ಹೇಳಿದ್ರೋ, ಗೊತ್ತಿಲ್ದ ಹೇಳಿದ್ರೋ?"

ಆಕಿ ಬೆನ್ನ ಹೊಳ್ಳಿಸಲಿಲ್ಲ. ಗಂಟಲ ಸರಿ ಮಾಡ್ಕೊಂಡು, ಹಳಿ ಎಕ್ಸ್‌ಚೇಂಜಿನ ದನಿ ತಗದ್ಳು. ಅಷ್ಟ್ ಸಣ್ಣ, ಅಷ್ಟ್ ಮೆತ್ತನ್ನ ದನಿ ಆಕಿ ಒಳಗ ಇತ್ತು ಅಂತ ನನಗ ಗೊತ್ತೇ ಇರ್ಲಿಲ್ಲ.

"ನೀವು ಕೇಳಿದ ಲೈನ್ ಬಿಜಿ ಇದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಮೌಶಿಯ ಬೆನ್ನ ಅಳ್ಳಾಡ್ಲಕತ್ತಿತ್ತು. ನಗ್ಲಕತ್ತಿದ್ಳು.

ಸ್ವಲ್ಪ ಸಮಯದ ನಂತರ ಅನ್ನೋದು ಬರ್ಲಿಲ್ಲ. ಹ್ವಾದ ತಿಂಗಳ ಒಂದ್ ಮುಂಜಾನೆ ಕೆಳಗ ಇಳದೆ. ಕಿಡಕಿ ಕಟ್ಟಿ ಮ್ಯಾಲ ಡಬ್ಬಿ ಬೋರಲ ಇತ್ತು. ಈ ಸಲ ನೀರಿನ ಸಪ್ಪಳ ಇರ್ಲಿಲ್ಲ, ಯಾವ ಸಪ್ಪಳಾನೂ ಇರ್ಲಿಲ್ಲ. ಒಳಗ ಹೋದೆ. ಆಕಿ ಕುರ್ಚಿ ಮ್ಯಾಲ ಕುಂತಲ್ಲೇ, ತಲಿ ಓರಿ ಮಾಡ್ಕೊಂಡು, ಏನೋ ಕೇಳೋರಂಗ ಇದ್ಳು. ಕೈ ಮುಟ್ಟಿದೆ, ತಣ್ಣಗಾಗಿತ್ತು.

ಓಣಿ ಮಂದಿನ್ನ ಕರದೆ. ಎಲ್ಲಾರೂ ಬಂದ್ರು. ಅವ್ವಗ ಹೇಳಬೇಕಂತ ಫೋನ್ ತಗದೆ, ಹೆಸರಿನ ಮ್ಯಾಲ ಬೊಟ್ಟಿಟ್ಟೆ, ಒತ್ಲಿಕ್ಕಿ ಆಗ್ಲಿಲ್ಲ. ಇಷ್ಟೆಲ್ಲಾ ಬಾಯಿ ಇರೋ ನನಗ ಒಂದ್ ಮಾತು ಸಿಗ್ಲಿಲ್ಲ. ಸೆರಗಿನ ಗಂಟಿನ್ಯಾಗ ಏನೋ ಇತ್ತು, ಅವತ್ತಿನ ಸಲುವಾಗಿ ಇಟ್ಟದ್ದು. ಅದನ್ನ ಬಿಚ್ಚಲಿಲ್ಲ. ಡಬ್ಬಿ ತಗೊಂಡು ಬಸ್ ಸ್ಟ್ಯಾಂಡಿಗಿ ಹೋದೆ.

ಕಂಡಕ್ಟರ್ ಕಾಕಾ ಡಬ್ಬಿ ಇಸ್ಕೊಂಡು, ಅಳ್ಳಾಡಿಸಿ ನೋಡಿದ. "ಖಾಲಿ ಅದಲ್ಲವ್ವ?"

"ಖಾಲಿನೇ ಅದ ಕಾಕಾ. ಹಂಗೇ ಒಯ್ರಿ."

ಅಂವ ನನ್ನ ಮಾರಿ ನೋಡಿದ. ಮೊದಲ್ನೇ ಸಲ ಒಂದ್ ಮಾತೂ ಕೇಳ್ಲಿಲ್ಲ. ಡಬ್ಬಿ ತನ್ನ ಸೀಟಿನ ಮ್ಯಾಲ, ಹಂತ್ಯಾಕ ಇಟ್ಕೊಂಡ.

ಮುಂದಿನ ಬಸ್ಸಿಗೇ ಅವ್ವ ಬಂದ್ಳು.